ಮೂರು ಪರದಿ, ಒಂದು ಬಾಣ

ನಮ್ಮ ಕುಷ್ಟಗಿ ಓಣ್ಯಾಗ ದಿನಾ ಒಂದಿಲ್ಲೊಂದು ನಡದ ಇರತೈತ್ರಿ. ನಾ ಏನು ಕಿವಿಗೊಟ್ಟು ಕುಂಡ್ರಾಕಿ ಅಲ್ಲ. ಬಾಜು ಮನಿ ಗ್ವಾಡಿ ತೆಳ್ಳಗೈತಿ, ಅದಕ್ಕ ನಾ ಏನ್ ಮಾಡ್ಲಿ.

೧

ಬಾಜು ಮನಿ ಸೊಸಿ ಹುಬ್ಬಳ್ಳಿ ಕಂಪನಿ ಕೆಲಸ ಮನ್ಯಾಗ ಕುಂತ ಮಾಡ್ತಾಳ. ದವಾಖಾನಿ ಚೀಟಿ ನೋಡಿ ನೋಡಿ ಟೈಪ್ ಮಾಡೂದು. ನಡುವ ಲ್ಯಾಪ್‌ಟಾಪು, ಎಡಕ್ಕೊಂದು ಬಲಕ್ಕೊಂದು ಪರದಿ. ಅತ್ತಿ ನೋಡಿ ಅಂದ್ಲು: "ಮೂರು ಟಿವಿ ಇಟ್ಟೀಯಲ್ಲವಾ, ಒಂದರಾಗೂ ಧಾರಾವಾಹಿ ಬರಂಗಿಲ್ಲ."

ಹಂಗಂದ್ರೂ ಈ ಕೆಲಸ ಮನ್ಯಾಗ ಉಳೀಬೇಕು ಅಂತ ಅತ್ತಿಗೇ ಭಾಳ ಕಾಳಜಿ. ಸೊಸಿ ಹುಬ್ಬಳ್ಳಿಗೆ ಹೋದ್ರ ರೊಟ್ಟಿ ಬಡಿಯಾಕಿ ಯಾರು? ಅತ್ತಿ ಬಡದ ರೊಟ್ಟಿ ನಾ ತಿಂದೀನಿ. ಹಲ್ಲು ಉಳದದ್ದ ಹೆಚ್ಚು.

೨

ಮೌಸ್ ಸರಿಸಿದ್ರ ಬಾಣ ಒಂದು ಪರದಿಯಿಂದ ಇನ್ನೊಂದಕ್ಕ ದಾಟತೈತಿ. ಒಂದಿನ ದಾಟೂ ಮುಂದ ಮೂಲ್ಯಾಗ ಸಿಕ್ಕೊಂತು. "ಪರದಿ ಏರುಪೇರು ಆಗ್ಯಾವ್ರಿ ಅತ್ತಿ," ಅಂದ್ಲು ಸೊಸಿ. ಅತ್ತಿ ಊಟಕ್ಕ ಕುಂಡ್ರೂ ಮಣಿ ತಂದು ಪರದಿ ಕೆಳಗಿಟ್ಲು. ಸೊಸಿ ಕಂಪ್ಯೂಟರ್ ಸೆಟ್ಟಿಂಗಿನ್ಯಾಗ ಪರದಿ ಚಿತ್ರ ಎಳದು ಸಮ ಮಾಡಿದ್ಲು, ಬಾಣ ದಾಟಿತು. ಹೆಸರು ಮಾತ್ರ ಮಣಿಗೆ ಬಂತು.

ಮಧ್ಯಾಹ್ನ ಮಾವ ಬಂದು, "ನನ್ನ ಮಣಿ ಎಲ್ಲೈತಿ?"

"ಅದು ಡ್ಯೂಟಿ ಮ್ಯಾಲೈತಿ. ನೀವು ನೆಲದ ಮ್ಯಾಲ ಕುಂಡ್ರಿ."

೩

ಕಂಪನಿ ಸಾಹೇಬ ಹೇಳಿದ್ದ: "ಶುಕ್ರವಾರ ನಿಮ್ಮ ಕೆಲಸ ಇಲ್ಲಿಂದ ನೋಡ್ತೀನ್ರಿ. ತಡಾ ಆದ್ರ ಹುಬ್ಬಳ್ಳಿ ಆಫೀಸಿಗೇ ಬರಬೇಕು."

ಶುಕ್ರವಾರ ಅಂದ್ರ ಅತ್ತಿ ಮನಿ ಎಲ್ಲಾ ಒರಸಿ ಕುಂಕುಮ ಹಚ್ಚೂ ದಿನ. ಪರದಿಗೂ ಹಚ್ಚಿದ್ಲು. ಒರಸಿ ಇಡೂ ಮುಂದ ಎಡದ್ದು ಬಲಕ್ಕಿಟ್ಲು, ಬಲದ್ದು ಎಡಕ್ಕ.

ಸಾಹೇಬ ಲ್ಯಾಪ್‌ಟಾಪಿನ್ಯಾಗ ವಿಡಿಯೋ ಕಾಲ್ ಮ್ಯಾಲ ಬಂದು ಕುಂತ. ಸೊಸಿ ಬಾಣ ಬಲಕ್ಕ ದೂಡಿದ್ರ ಎಡಗಡೆ ಪರದ್ಯಾಗ ಹುಟ್ಟತೈತಿ. "ಯಾಕ್ರಿ ತಡಾ?" ಅಂದ. ಸಾಹೇಬ ನೋಡೂ ಮುಂದ ಸೆಟ್ಟಿಂಗ್ ತಗಿಯಾಕ ಆಗದ, "ಪರದಿ ಎಡಬಲ ಆಗ್ಯಾವ್ರಿ ಅತ್ತಿ," ಅಂತ ಪಿಸುಗುಟ್ಟಿದ್ಲು ಸೊಸಿ.

ನಾ ಹೆಪ್ಪಿಗೆ ಮೊಸರು ಕೇಳಾಕ ಹೋಗಿದ್ದೆ, ಬಟ್ಲ ಒಯ್ಯಾಕ ಮರತಿದ್ದೆ. ಅತ್ತಿಗೆ ತನ್ನ ತಪ್ಪು ಗೊತ್ತಾತು. "ಯಕ್ಕಾ, ಆ ಕಡೇದು ನೀ ಹಿಡಿ," ಅಂದ್ಲು. ಆಕಿ ಒಂದು, ನಾ ಒಂದು, ವೈರ್ ಸಮೇತ ಎತ್ತಿ ಸೊಸಿ ತಲಿ ಮ್ಯಾಲಿಂದ ದಾಟಿಸಿ ಅದಲುಬದಲು ಇಟ್ವಿ. ಬಾಣ ಸರಸರ ಓಡಾಕ ಹತ್ತಿತು.

"ಅವರಿಬ್ರು ಯಾರ್ರಿ?" ಅಂದ ಸಾಹೇಬ.

ಅತ್ತಿ ಬಗ್ಗಿ ಮಾರಿ ತೋರಿಸಿದ್ಲು. "ನಾವಿಲ್ಲಂದ್ರ ಇಕಿ ಬಾಣ ಓಡಂಗಿಲ್ರಿ ಸಾಹೇಬ್ರ. ಇಕಿನ್ನ ಕರಸಿದ್ರ ನಾವಿಬ್ರೂ ಬರತೀವಿ. ಮೂರು ಕುರ್ಚಿ ಹಾಕಿಸಿರ್ರಿ."

ಸಾಹೇಬ ಅಲ್ಲಿಂದನ ಕೈ ಮುಗದ.

"ಬ್ಯಾಡ್ರಿ ಯವ್ವಾ. ಮೂರೂ ಮಂದಿ ಅಲ್ಲೇ ಇರ್ರಿ."