ಉಜ್ಜಿದರೆ ಓಡುವ ಬಸ್ಸು

ನನ್ನ ಹುಚ್ಚು ಏನು ಅಂತ ಬಿಡಿಸಿ ಹೇಳಿದಷ್ಟೂ ಜನಕ್ಕೆ ಗೊಂದಲ, ಕೊನೆಗೆ ನನಗೂ ಗೊಂದಲ. ನಾನು ಕೂಡಿಡೋದು ಹಳೇ ತಗಡಿನ ಆಟದ ಗಾಡಿಗಳನ್ನ. ಚಾವಿ ಇಲ್ಲ, ಬ್ಯಾಟರಿ ಇಲ್ಲ. ನೆಲಕ್ಕೆ ನಾಲ್ಕು ಸಲ ಉಜ್ಜಿ ಬಿಟ್ಟರೆ ಒಳಗಿನ ಫ್ಲೈವೀಲ್ ಅನ್ನೋ ಭಾರದ ಚಕ್ರ ಗರ್ರಂತ ತಿರುಗಿ ಗಾಡಿ ಓಡುತ್ತೆ. ಅಂಥ ಬಸ್ಸಿನ ಜೊತೆ ಬರುವ ತಗಡಿನ ಬಸ್ ಸ್ಟ್ಯಾಂಡು ಏಳು ವರ್ಷದಿಂದ ನನ್ನ ಹತ್ತಿರ ಇದೆ. ಬಸ್ಸು ಮಾತ್ರ ಸಿಕ್ಕಿರಲಿಲ್ಲ.

"ನಮ್ಮೂರ ಸ್ಟ್ಯಾಂಡ್ ಥರಾನೇ ಬುಡಿ," ಅಂತಿದ್ದಳು ಹೆಂಡತಿ.

ಚಕ್ರ ಬಂತು

ಚಂದಕವಾಡಿಯ ಪಂಪ್‌ಸೆಟ್ ಮೆಕ್ಯಾನಿಕ್‌ಗೆ, "ಹಳೇ ಫ್ಲೈವೀಲ್ ಸಾಮಾನು ಸಿಕ್ಕಿದ್ರೆ ಹೇಳಪ್ಪ" ಅಂದಿದ್ದೆ. ಭಾನುವಾರ ಮನೆ ಮುಂದೆ ಲಗೇಜ್ ಆಟೋ ನಿಂತಿತು. ಯಾವುದೋ ಅಕ್ಕಿ ಗಿರಣಿಯ ಕಬ್ಬಿಣದ ಚಕ್ರ! ನಾಲ್ಕು ಜನ ಮುಕ್ಕಿರಿದು ಇಳಿಸುತ್ತಿದ್ದರು.

"ಅಯ್ಯೋ, ಇದಲ್ಲ ಮಾರಾಯ! ಮಕ್ಕಳು ಆಡೋದು!"

ಮೆಕ್ಯಾನಿಕ್ ಚಕ್ರ ನೋಡಿದ, ನನ್ನ ನೋಡಿದ. "ನಿಮ್ ಮಕ್ಕ ಏನ್ ತಿಂತವೆ ಸಾ?"

ಬಸ್ಸೊಳಗೆ ಬಸ್ಸು

ಕಡೆಗೂ ಗುಂಡ್ಲುಪೇಟೆಯ ಗುಜರಿ ಅಂಗಡಿಯಲ್ಲಿ ಸಿಕ್ಕಿತು! ಕೆಂಪು ಬಸ್ಸು, ಕಿಟಕಿಯಲ್ಲಿ ಬಣ್ಣದಲ್ಲಿ ಬರೆದ ಪ್ರಯಾಣಿಕರು. ಇಂಥವಕ್ಕೆಲ್ಲ ಹಳೇ ಬಣ್ಣವೇ ಪ್ರಾಣ. ಚಾಮರಾಜನಗರದ ಬಸ್ಸು ಹತ್ತಿ, ತಡೆಯಲಾರದೆ ಬ್ಯಾಗಿನೊಳಗೇ ಒಂದು ಸಲ ಉಜ್ಜಿಬಿಟ್ಟೆ. ಗರ್ರ್ರ್!

ಪಕ್ಕದ ಅಜ್ಜಿ ಸರಿದು ಕೂತಳು. "ನಿನ್ ಬ್ಯಾಗು ಗೊರ್ಕೆ ಒಡೀತದಲ್ಲಪ್ಪಾ!"

ಕಂಡಕ್ಟರ್ ಬಂದ. "ಏನ್ ಸಾ ಅದ್ರೊಳ್ಗೆ?"

"ಬಸ್ಸು."

"ನಾವ್ ಕೂತಿರದೂ ಬಸ್ಸೇ ಸಾ. ಬ್ಯಾಗಲ್ಲಿ ಏನೈತೆ ಏಳಿ."

"ಬಸ್ಸೇ ಕಣಪ್ಪ." ತೆಗೆದು ತೋರಿಸಿದೆ.

ಅವನು ಅದರ ಕಿಟಕಿಗಳನ್ನೆಲ್ಲ ಬಗ್ಗಿ ನೋಡಿದ. "ಇವ್ರಿಗೆಲ್ಲ ಟಿಕೆಟ್ ತಕಂಡಿದ್ದೀರಾ?"

ಅತ್ತೆಯ ಕೈಗುಣ

ಬಸ್ಸನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗ ಕಣ್ಣಲ್ಲಿ ನೀರೇ ಬಂತು. ಮಾರನೇ ದಿನ ಹರದನಹಳ್ಳಿಯಿಂದ ಅತ್ತೆ ಬಂದರು.

"ಇದ್ಕೆ ಚಾವಿ ಎಲ್ಲದೆ?"

ನಾನು ಆಫೀಸಿಗೆ ಹೊರಟ ಆತುರದಲ್ಲಿದ್ದೆ. "ಚಾವಿ ಇಲ್ಲ ಅತ್ತೆ. ಚೆನ್ನಾಗಿ ಉಜ್ಜಿದ್ರೆ ಓಡುತ್ತೆ."

ಸಂಜೆ ಬಂದು ನೋಡಿದರೆ ಸ್ಟ್ಯಾಂಡು ಖಾಲಿ. ಹಿತ್ತಲಲ್ಲಿ ಪಾತ್ರೆಗಳ ಮಧ್ಯೆ ಏನೋ ಬೆಳ್ಳಗೆ ಥಳಥಳ ಹೊಳೆಯುತ್ತಿತ್ತು. ಕೆಂಪಿಲ್ಲ, ಕಿಟಕಿಯಿಲ್ಲ, ಒಬ್ಬ ಪ್ರಯಾಣಿಕನೂ ಉಳಿದಿಲ್ಲ. ಬೈಯೋಣ ಅಂದರೆ ಹೇಳಿದವನು ನಾನೇ.

ಅತ್ತೆ ಕೈ ಒರೆಸಿಕೊಳ್ಳುತ್ತಾ ಎದ್ದರು. ಪಾಪ, ಸುಸ್ತಾಗಿದ್ದರು.

"ಉಣ್ಸೇಹಣ್ಣು, ಬೂದಿ ಆಕಿ ಮದ್ಯಾನ್ದಿಂದ ಉಜ್ಜಿವ್ನಿ ಅಳಿದೇವ್ರೇ. ಬಣ್ಣ ಓಡೋಯ್ತು, ಬಸ್ಸು ಓಡ್ನಿಲ್ಲ!"