ನನ್ನ ಹೆಂಡತಿಯ ಉಲ್ಲೇಖಗಳು

ಸ್ವಂತ ಸಾಧನೆ ಏನೂ ಇಲ್ಲದ ಗಂಡಸಿಗೆ ಜಂಬ ಪಡಲು ಮದುವೆಯಷ್ಟು ಅನುಕೂಲವಾದ ಏರ್ಪಾಡು ಇನ್ನೊಂದಿಲ್ಲ. ನಾನು ಈ ಡಚ್ಚರ ನಾಡಿನಲ್ಲಿ ದಿನಾ ರೈಲು, ಬಸ್ಸು ಹಿಡಿದು ವೆಲ್ಡ್‌ಹೋವನ್ ಎಂಬ ಊರಿಗೆ ಹೋಗಿ ಯಂತ್ರಗಳ ನಡುವೆ ಕೆಲಸ ಮಾಡುವ ಇಂಜಿನಿಯರು. ನನ್ನ ಹೆಸರಿನಲ್ಲಿ ಅಚ್ಚಾದದ್ದು ಎಂದರೆ ಮದುವೆಯ ಕರೆಯೋಲೆ ಒಂದೇ. ನನ್ನ ಹೆಂಡತಿ ಶುಭಾ ನಾವಿರುವ ಯುಟ್ರೆಕ್ಟ್‌ನ ವಿಶ್ವವಿದ್ಯಾಲಯದಲ್ಲಿ, ಮನೆಯಿಂದ ಸೈಕಲ್ ತುಳಿಯುವಷ್ಟು ದೂರದಲ್ಲಿ, ಸಂಶೋಧಕಿ. ಅವಳ ವಿಷಯ ನೊರೆ. ದ್ರವದಲ್ಲಿ ಗುಳ್ಳೆ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಯಾವಾಗ ಒಡೆಯುತ್ತದೆ ಎಂದು ಪ್ರಬಂಧಗಳನ್ನು ಬರೆಯುತ್ತಾಳೆ. ಮೈಸೂರಿನಲ್ಲಿರುವ ನಮ್ಮತ್ತೆ ಇದನ್ನು ಕೇಳಿ, ಹಾಲು ಉಕ್ಕುವುದನ್ನು ನೋಡುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದಿದ್ದರು. ಅವರು ನಮ್ಮ ಅಡುಗೆಮನೆ ನೋಡಿಲ್ಲ. ಕಾಯಿಸುವ ಅಗತ್ಯವೇ ಇಲ್ಲದ ಇಲ್ಲಿನ ಪ್ಯಾಕೆಟ್ ಹಾಲನ್ನು ಅಭ್ಯಾಸಬಲದಿಂದ ಒಲೆಯ ಮೇಲಿಟ್ಟು, ಗುಳ್ಳೆಗಳ ಬಗ್ಗೆ ಯೋಚಿಸುತ್ತಾ ನಿಂತು, ಅದನ್ನು ಉಕ್ಕಿಸುವವಳು ಶುಭಾಳೇ. ಒರೆಸುವವನು ನಾನು.

ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಬರಹದಲ್ಲಿ ಹೆಸರಿಸಿದರೆ ಅದಕ್ಕೆ ಉಲ್ಲೇಖ ಎನ್ನುತ್ತಾರೆ. ಅದು ಎಷ್ಟಾಗಿದೆ ಎಂದು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು. ಶುಭಾ ನೋಡುವುದಿಲ್ಲ. ನಾನು ಬೆಳಗಿನ ರೈಲಿನಲ್ಲಿ ಕೂತ ತಕ್ಷಣ ನೋಡುತ್ತೇನೆ. ಬೇರೆಯವರು ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ನಾನು ಹೆಂಡತಿಯ ಸ್ಕೋರ್ ನೋಡುತ್ತೇನೆ. ಪಿಯುಸಿ ಮಾರ್ಕ್ಸಿನಿಂದ ಮನುಷ್ಯರನ್ನು ಅಳೆಯುವವರ ನಡುವೆ ಬೆಳೆದ ಜೀವ ನನ್ನದು. ಅಂಕಿ ಏರಿದರೆ ಹೊಟ್ಟೆ ತಣ್ಣಗಾಗುತ್ತದೆ. ಈಚೆಗಂತೂ ಅದು ಏರಿದ್ದೇ ಏರಿದ್ದು. ಬ್ರೆಡ್ ತಯಾರಿಸುವವರು, ಶ್ವಾಸಕೋಶದ ವೈದ್ಯರು, ಎಲ್ಲರಿಗಿಂತ ಹೆಚ್ಚಾಗಿ ಜ್ವಾಲಾಮುಖಿಗಳ ಅಧ್ಯಯನ ಮಾಡುವವರು ಅವಳ ಹೆಸರು ಬರೆಯುತ್ತಿದ್ದರು. ಯುಗಾದಿ ಕೂಟದಲ್ಲಿ ಗೆಳೆಯರು ಮನೆ ಸಾಲ, ಮಕ್ಕಳ ಡಚ್ ಭಾಷೆ ಎಂದು ಮಾತಾಡುತ್ತಿದ್ದರೆ ನಾನು ಮಾತನ್ನು ಮೆಲ್ಲಗೆ ಜ್ವಾಲಾಮುಖಿಯತ್ತ ತಿರುಗಿಸುತ್ತಿದ್ದೆ. ನಾನು ಚಿತ್ರಾನ್ನದ ತಟ್ಟೆ ಹಿಡಿದು ಬರುವುದನ್ನು ಕಂಡರೆ ಜನ ಇನ್ನೊಂದು ಮೂಲೆಗೆ ಸರಿಯತೊಡಗಿದರು.

ಹೀಗಿರುವಾಗ ಶುಭಾಳ ಕೆಲಸ ಕಾಯಂ ಆಗಬೇಕಾದ ಹೊತ್ತು ಬಂತು. ಆಗದಿದ್ದರೆ ಒಪ್ಪಂದ ಮುಗಿದು, ಅವಳು ಗುಳ್ಳೆಗಳನ್ನು ಕಟ್ಟಿಕೊಂಡು ಬೇರೆ ದೇಶ ಹುಡುಕಬೇಕು. ನನಗೆ ಚಿಂತೆ ಇರಲಿಲ್ಲ, ಅಂಕಿಗಳಿದ್ದವಲ್ಲ. ಆದರೆ ಈ ದೇಶದವರಿಗೆ ಹೊಸ ಬುದ್ಧಿ ಬಂದಿದೆ. ಎಷ್ಟು ಪ್ರಬಂಧ, ಎಷ್ಟು ಉಲ್ಲೇಖ ಎಂಬ ಲೆಕ್ಕ ಬೇಡ, ನಿಮ್ಮ ಕೆಲಸದಿಂದ ಯಾರಿಗೆ ಏನು ಉಪಯೋಗವಾಯಿತು ಎಂದು ಮಾತಿನಲ್ಲಿ ಬರೆಯಿರಿ ಎಂದು ಕಾಯಂ ಮಾಡುವ ಸಮಿತಿ ಕೇಳಿತ್ತು. ಮಾರ್ಕ್ಸ್ ಇಲ್ಲದ ಮಾರ್ಕ್ಸ್‌ಕಾರ್ಡು. ನನಗೆ ಮೈಯೆಲ್ಲ ಉರಿಯಿತು. ಶುಭಾ ಪೆಚ್ಚಾಗಿ ಕೂತಿದ್ದಳು. ತನ್ನನ್ನು ಯಾರು ಓದಿದ್ದಾರೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಜ್ವಾಲಾಮುಖಿಯವರಿಗೆ ನೀನೆಂದರೆ ಪ್ರಾಣ ಎಂದು ನಾನು ಧೈರ್ಯ ಹೇಳಿದೆ.

“ಹೌದಾ? ಏನ್ ಬರ್ದಿದಾರೆ ರೀ?” ಎಂದಳು.

ಅದನ್ನು ನಾನು ಓದಿರಲಿಲ್ಲ. ಎಣಿಸುವವನಿಗೆ ಓದಲು ಪುರುಸೊತ್ತೆಲ್ಲಿ? ಇಬ್ಬರೂ ಕೂತು ಒಂದು ಪ್ರಬಂಧ ತೆರೆದೆವು. ಶುಭಾಳ ಸೂತ್ರ ಕರಗಿದ ಕಲ್ಲಿನ ಗುಳ್ಳೆಗಳಿಗೆ ಒಪ್ಪುವುದಿಲ್ಲ ಎಂದು ಅದರಲ್ಲಿತ್ತು. ಇನ್ನೊಂದರಲ್ಲೂ ಅದೇ. ಮತ್ತೊಂದು ಸ್ವಲ್ಪ ಒರಟಾಗಿಯೇ ಹೇಳಿತ್ತು. ನಾನು ಊರೆಲ್ಲ ಹೇಳಿಕೊಂಡು ತಿರುಗಿದ ಆ ಏರಿಕೆ, ನನ್ನ ಹೆಂಡತಿ ಹೇಳಿದ್ದು ತಪ್ಪು ಎಂದು ಜ್ವಾಲಾಮುಖಿಯವರು ಒಕ್ಕೊರಲಿನಿಂದ ಸಾರಿದ್ದರ ಲೆಕ್ಕ. ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಅವಳು ನನ್ನ ಕೈ ಸರಿಸಿ, ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಓದಿದಳು. ಓದುತ್ತಾ ಓದುತ್ತಾ ಅವಳ ಮುಖ ಅರಳಿತು.

“ಸರಿಯಾಗೇ ಹೇಳಿದಾರೆ ರೀ. ಬಿಸಿ ಆರ್ತಾ ಹೋಗೋದನ್ನ ನಾನು ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಇದನ್ನೇ ಮೊದ್ಲು ಬರೀತೀನಿ.”

ಫೇಲಾದ ಸಬ್ಜೆಕ್ಟನ್ನು ಮಾರ್ಕ್ಸ್‌ಕಾರ್ಡಿನ ನೆತ್ತಿಯ ಮೇಲೆ ಬರೆಯುವವರುಂಟೇ ಎಂದು ವಾದಿಸಿದೆ. ಬ್ರೆಡ್ಡಿನವರನ್ನು ಮುಂದಿಡು, ವೈದ್ಯರನ್ನು ಮುಂದಿಡು ಎಂದು ಬೇಡಿಕೊಂಡೆ. ಅವಳು ಕೇಳಲಿಲ್ಲ. ತನ್ನ ಸೂತ್ರ ಎಲ್ಲಿ ಸೋತಿತು, ಆ ಸೋಲನ್ನು ಹಿಡಿದು ಬೇರೆಯವರು ಎಷ್ಟು ದೂರ ಹೋದರು ಎಂದು ಮೊದಲ ಸಾಲಿನಲ್ಲೇ ಬರೆದು ಕಳಿಸಿದಳು. ಸಂದರ್ಶನದ ದಿನ ನಾನು ರಜ ಹಾಕಿ ಕಿಟಕಿಯ ಬಳಿ ನಿಂತಿದ್ದೆ. ಸಂಜೆ ಅವಳು ಎದುರುಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಬಂದಳು. ಸಮಿತಿಯವರು ಬೇರೇನೂ ಕೇಳದೆ ಆ ತಪ್ಪಿನ ಬಗ್ಗೆಯೇ ಮಾತಾಡಿದರಂತೆ. ಸ್ವಂತ ತಪ್ಪನ್ನು ಇಷ್ಟು ಸಂತೋಷದಿಂದ ವಿವರಿಸಿದವರನ್ನು ತಾನು ಕಂಡಿಲ್ಲ ಎಂದು ಅಧ್ಯಕ್ಷೆ ಹೇಳಿದರಂತೆ. ಕೆಲವು ವಾರಗಳಲ್ಲಿ ಕೆಲಸ ಕಾಯಂ ಆಯಿತು. ಅಂಕಿ ನೋಡಿ ನಾನು ಪಟ್ಟ ಹೆಮ್ಮೆಯೆಲ್ಲ ಒಂದು ತೂಕವಾದರೆ, ಆ ಸಂಜೆ ಗಾಳಿಗೆ ತಲೆ ಕೆದರಿ ನಿಂತಿದ್ದವಳನ್ನು ನೋಡಿ ಪಟ್ಟದ್ದೇ ಒಂದು ತೂಕ. ನನಗೆ ಕಣ್ಣು ತುಂಬಿ ಬಂತು.

ಈಗ ಕೂಟಗಳಲ್ಲಿ ಅವಳ ತಪ್ಪಿನ ಬಗ್ಗೆಯೇ ಜಂಬ ಕೊಚ್ಚುತ್ತೇನೆ. ನನ್ನ ಹೆಂಡತಿ ತಪ್ಪಿದ ಮಟ್ಟಕ್ಕೆ ಇಲ್ಲಿ ಯಾರೂ ತಪ್ಪಿಲ್ಲ ಎನ್ನುತ್ತೇನೆ. ಹಾಗೆ ನೋಡಿದರೆ ತಪ್ಪು ಮಾಡುವುದರಲ್ಲಿ ನಾನೇನೂ ಹಿಂದೆ ಬಿದ್ದವನಲ್ಲ. ನನ್ನ ತಪ್ಪುಗಳೂ ಮದುವೆಯಾದಂದಿನಿಂದ ಹೇರಳವಾಗಿ, ಬಿಡುವಿಲ್ಲದೆ ಉಲ್ಲೇಖಗೊಳ್ಳುತ್ತಲೇ ಇವೆ. ಉಲ್ಲೇಖಿಸುವವಳು ಮಾತ್ರ ಒಬ್ಬಳೇ.