ಮಾಣೆಕ್‌ಳ ಕುಬಸ

ನಮ್ಮ ಕಾಕಾನನ್ನು ಹುಚ್ಚ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹುಚ್ಚರಿಗೆ ಸಾಮಾನ್ಯವಾಗಿ ಒಂದೇ ಹುಚ್ಚು ಇರುತ್ತದೆ. ಕಾಕಾನಿಗೆ ವಾರಕ್ಕೊಂದು! ಅಂಥ ಶ್ರೀಮಂತನನ್ನು ಬಡವರ ಪಂಕ್ತಿಯಲ್ಲಿ ಕೂರಿಸುವುದು ಅನ್ಯಾಯವಲ್ಲವೇ?

ಧಾರವಾಡವೂ ಬಡೋದೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ, ಧಾರವಾಡದ ಅಂಚೆ ಕಚೇರಿಯಲ್ಲಿ ಹಾಯಾಗಿದ್ದ ಕಾಕಾ ತಾನೇ ಕೇಳಿಕೊಂಡು ಬಡೋದೆಗೆ ವರ್ಗ ಮಾಡಿಸಿಕೊಂಡ. ಯಾಕೆ? ನಮ್ಮ ಮನೆತನದಲ್ಲಿ ಯಾರಿಗೂ ಬಿಡಿಸಲಾಗದ ಒಗಟು ಇದು. ಅಪ್ಪ ಕೇಳಿದಾಗ, “ಅಲ್ಲೀ ಬಾಂವಿ ನೀರು ಭಾಳ ಸಿಹಿ ಅಣ್ಣಾ” ಎಂದಿದ್ದನಂತೆ. ಅವ್ವ ಕೇಳಿದಾಗ ಗಾಂಠಿಯಾದ ಹೆಸರು ಹೇಳಿದ್ದನಂತೆ. ಕಡಲೆಹಿಟ್ಟಿನ ತಿಂಡಿಗಾಗಿ ಊರು ಬಿಟ್ಟವ ಎಂದು ನಮ್ಮ ಓಣಿಯಲ್ಲೆಲ್ಲ ಅವನಿಗೆ ಹೆಸರಾಯಿತು. ಮುಂದೆ ಅರವತ್ತರ ದಶಕದಲ್ಲಿ ನಾನು ಅಹಮದಾಬಾದಿನ ವಿಮಾ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಬಂದೆ. ರವಿವಾರ ಬಂತೆಂದರೆ ರೈಲು ಹತ್ತಿ ಬಡೋದೆಗೆ ಹೋಗುತ್ತಿದ್ದೆ. ಆಗ ನಾನೂ ಒಮ್ಮೆ ಕೇಳಿ ನೋಡಿದೆ.

“ಇಲ್ಲಿ ಸಂಜೀ ಭಾಳ ಉದ್ದ ಇರತಾವಲೇ” ಎಂದ.

ಅದು ಮಾತ್ರ ನಿಜ. ಅವನ ಮನೆ ಊರ ಹೊರವಲಯದ ಗೋರ್ವಾ ಬಡಾವಣೆಯ ಅಂಚಿನಲ್ಲಿತ್ತು, ಅದರಾಚೆ ಬರೀ ಹೊಲ. ಚಳಿಗಾಲದ ಇಳಿಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಹಗ್ಗದ ಮಂಚ ಹಾಕಿಕೊಂಡು ಮಲಗಿದರೆ, ಸೂರ್ಯನಿಗೂ ನಮ್ಮನ್ನು ನೋಡಿ ಮುಳುಗುವ ಮನಸ್ಸಾಗುತ್ತಿರಲಿಲ್ಲ.

ಅಂಥದೊಂದು ರವಿವಾರ ಹೋಗಿ ನೋಡುತ್ತೇನೆ, ಬೇವಿನ ಮರಕ್ಕೆ ಕುದುರೆ! ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಪೇಟೆಗೆ ಹೋದ ಕಾಕಾ, ಸೈಕಲ್ಲನ್ನು ಅಲ್ಲೇ ಮರೆತು ಕುದುರೆ ಹಿಡಿದುಕೊಂಡು ಬಂದಿದ್ದ. ಬಿಳಿ ಬಣ್ಣದ ಹೆಣ್ಣುಕುದುರೆ. ಹೆಸರು ಮಾಣೆಕ್. ಗುಜರಾತಿನಲ್ಲಿ ಮದುಮಗ ಹೆಣ್ಣುಕುದುರೆ ಏರಿಯೇ ಬೀಗರ ಬಾಗಿಲಿಗೆ ಹೋಗಬೇಕು. ಮಾಣೆಕ್ ಹುಟ್ಟಿದಾಗಿನಿಂದ ಮದುಮಕ್ಕಳನ್ನೇ ಹೊತ್ತು ತಿರುಗಿದವಳು. ವಯಸ್ಸಾಯಿತೆಂದು ಅವಳ ಮಾಲೀಕ ಅವಳನ್ನು ಕಲ್ಲು ಹೇರುವ ಗಾಡಿಗೆ ಕಟ್ಟುವವನಿದ್ದ. ಕಾಕಾ ಅಡ್ಡ ಬಂದ. “ಬೇಡವಾದರೆ ವಾಪಸ್ ತಂದುಬಿಡಿ ಸಾಹೇಬ್, ಗಾಡಿ ಎಲ್ಲೂ ಓಡಿಹೋಗುವುದಿಲ್ಲ” ಎಂದು ಹೇಳಿಯೇ ಆತ ಹಗ್ಗ ಕೊಟ್ಟಿದ್ದನಂತೆ.

ಕಾಕಾ ಅವಳನ್ನೇರಿ ಅಂಚೆ ಕಚೇರಿಗೆ ಹೋಗತೊಡಗಿದ. ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ದಾರಿಯಲ್ಲಿ ಮದುವೆಯ ಬ್ಯಾಂಡು ಸಿಕ್ಕಿತು. ಆಗಿಬಿಟ್ಟಿತಲ್ಲ! ಮಾಣೆಕ್ ಕಿವಿ ನಿಮಿರಿಸಿದಳು, ಕತ್ತು ಬಾಗಿಸಿದಳು, ಕುಣಿಯುತ್ತ ಮೆರವಣಿಗೆಯೊಳಗೆ ಸೇರಿಯೇಬಿಟ್ಟಳು. ಕಾಕಾ ಲಗಾಮು ಎಳೆದಷ್ಟೂ ಅವಳ ಕುಣಿತ ಹೆಚ್ಚು. ಇನ್ನೊಂದು ಕುದುರೆಯ ಮೇಲಿದ್ದ ನಿಜವಾದ ಮದುಮಗನನ್ನೂ ದಾಟಿ, ಕಾಕಾನನ್ನು ನೇರವಾಗಿ ತೋರಣದ ಕೆಳಗೆ ತಂದು ನಿಲ್ಲಿಸಿದಳು. ಅಲ್ಲಿ ಹೆಣ್ಣಿನ ತಾಯಿ ಆರತಿ ಹಿಡಿದು ನಿಂತಿದ್ದರು. ಬಾಗಿಲಿಗೆ ಬಂದ ಅಳಿಯನ ಮೂಗು ಹಿಡಿದು ಎಳೆಯುವುದು ಅಲ್ಲಿಯ ಪದ್ಧತಿ. ಕಾಕಾ ಕೆಳಗಿಳಿದು ಕ್ಷಮೆ ಕೇಳಲು ಬಾಗಿದ. ಆ ಮಹಾತಾಯಿ ಗಡಿಬಿಡಿಯಲ್ಲಿ ಮುಖ ನೋಡಲಿಲ್ಲ, ಮೂಗು ನೋಡಿದರು!

ಕೆಂಪು ಮೂಗಿನೊಡನೆ ಮನೆಗೆ ಬಂದವನನ್ನು ನೋಡಿ ಅವನ ಹೆಂಡತಿ, ನಮ್ಮ ಕಾಕೂ, ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. “ಅಂದ್ರ ಎರಡನೇ ಲಗ್ನಕ್ಕ ಹೋಗಿದ್ರೇನ್ರೀ?” ಎಂದವಳು ಥಟ್ಟನೆ ನಗು ನಿಲ್ಲಿಸಿ ಒಳಗೆ ಹೋದಳಂತೆ. ಎರಡನೆಯ ಲಗ್ನ ಆ ಮನೆಯಲ್ಲಿ ನಗುವ ಮಾತಾಗಿರಲಿಲ್ಲ. ಅವರಿಗೆ ಮಕ್ಕಳಿಲ್ಲ. ಧಾರವಾಡದಲ್ಲಿದ್ದಾಗ ನಮ್ಮ ಅಜ್ಜಿ ಕಾಕೂನ ಎದುರಿಗೇ ಕಾಕಾನಿಗೆ ಬೇರೆ ಹೆಣ್ಣು ನೋಡುವ ಮಾತು ತೆಗೆಯುತ್ತಿದ್ದಳು ಎಂದು ಅವ್ವ ಹೇಳಿದ್ದು ನನಗೆ ಗೊತ್ತಿತ್ತು.

ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಕಾಕೂ ಅಪ್ಪಣೆ ಕೊಟ್ಟಳು. “ಸಂಕ್ರಮಣದ ಒಳಗ ಈ ಕುದುರಿ ಮನಿ ಬಿಡಬೇಕು.”

ಕಾಕೂನ ಮಾತೆಂದರೆ ಕಲ್ಲಿನ ಮೇಲೆ ಬರೆದ ಹಾಗೆ. ಕಾಕಾ ಹಲವು ದಿನ ಬೇವಿನ ಕೆಳಗೆ ಮುಖ ಸಣ್ಣದು ಮಾಡಿಕೊಂಡು ಕೂತ. ಮುಂದಿನ ಸಲ ನಾನು ಹೋದಾಗ ಮಾತ್ರ ಮುಖ ಊರಗಲ ಆಗಿತ್ತು. ನನ್ನನ್ನು ಕುದುರೆಯ ಬಳಿಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದ.

“ಹೊಟ್ಟಿ ನೋಡು.”

“ನೋಡಿದೆ.”

“ಏನನಸ್ತದ?”

“ಹೊಟ್ಟೀನ ಅನಸ್ತದ ಕಾಕಾ.”

“ಮಬ್ಬ ಇದ್ದೀ! ಬಸರಿ ಆಗ್ಯಾಳಲೇ! ಬರೂ ಮುಂಚೇನೇ ಆಗಿರಬೇಕು. ಆ ಮಾಲೀಕಗ ಸುಳಿವಾ ಹತ್ತಿಲ್ಲ!”

ಸಾಕ್ಷಿಗಳು ಸಾಲಾಗಿ ಬಂದವು. ಮಾಣೆಕ್ ಹುರುಳಿ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ಕಾಂತಾಬಾ ಬಿಸಿಲಿಗಿಟ್ಟ ಸಿಹಿ ಮಾವಿನ ಉಪ್ಪಿನಕಾಯಿಯ ಭರಣಿಗೆ ಮೂತಿ ಹಾಕಿದ್ದಳು. ಕಾಂತಾಬಾ ಬೈಯಲು ಬಂದವರು ವಿಷಯ ಕೇಳಿ ಕರಗಿ, ಉಳಿದರ್ಧ ಭರಣಿಯನ್ನೂ ತಂದುಕೊಟ್ಟರು. ಬಯಕೆಗೆ ಇಲ್ಲ ಎನ್ನಲಾಗುತ್ತದೆಯೇ?

ಕಾಕೂ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನೋಡಿದಳು. “ಖರೇನ ಬಸರಿ ಇದ್ದರ ಇರಲಿ. ಬಸರೀನ್ನ ಮನಿಯಿಂದ ಹೊರಗ ಹಾಕಿದ್ರ ಪಾಪ ಹತ್ತತದ. ಸುಳ್ಳಾತೋ, ಮರದಿನಾನ ಹೋಗಬೇಕು.”

“ಕುದುರಿಗೆ ಹನ್ನೊಂದು ತಿಂಗಳು!” ಎಂದು ಕಾಕಾ ನನ್ನ ಕಿವಿಯಲ್ಲಿ ಹಿಗ್ಗಿದ. ಹೀಗೆ ಮಾಣೆಕ್‌ಳ ಅನ್ನ, ನೆರಳು, ಆಯುಷ್ಯ ಎಲ್ಲ ಅವಳ ಹೊಟ್ಟೆಯ ಮೇಲೆ ನಿಂತಿತು.

ಆ ಚಳಿಗಾಲದ ರವಿವಾರಗಳನ್ನು ನೆನೆದರೆ ಈಗಲೂ ನನಗೆ ಸುಖವಾದ ತೂಕಡಿಕೆ ಬರುತ್ತದೆ. ಗಿರಣಿಯ ಕಡೆಯಿಂದಲೋ ಹೊಲದಿಂದಲೋ ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲಿ ಬರುತ್ತಿದ್ದವು. ಕಾಕಾ ಮಂಚದ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಹುಟ್ಟದ ಮರಿಯನ್ನು ಬೆಳೆಸುತ್ತಿದ್ದ.

“ಕರೇದು ಹುಟ್ಟತದ. ಹಣೀಮ್ಯಾಲೆ ಬಿಳೇ ಚುಕ್ಕಿ. ಮುಂಜಾನೆ ಎದ್ದು ಸೂರತ್ತಿನ ತನಕಾ ಓಡಿ, ಸಮುದ್ರದ ಗಾಳಿ ಕುಡದು, ಸಂಜೀಕ ಊಟಕ್ಕ ಮನೀಗೆ ಬರತಾನ.”

ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಕಾಕೂ ತಲೆಯೆತ್ತದೆ ಕೇಳುತ್ತಿದ್ದಳು. “ಹೆಣ್ಣಾದ್ರ?”

“ಹೆಣ್ಣಾದ್ರ ಸೂರತ್ತಿಗೆ ಯಾಕ ಹೋಗತಾಳ? ಇಲ್ಲೇ ನಿನ್ನ ಹಿಂದಿಂದ ತಿರಗತಾಳ.”

ಕಾಕೂನ ಕೈ ಅಕ್ಕಿಯ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಮಾಣೆಕ್ ನಿಂತಲ್ಲೇ ನಿದ್ದೆ ಮಾಡುತ್ತಿದ್ದಳು. ಅರೆನಿದ್ದೆಯಲ್ಲಿದ್ದ ನನಗೂ ಹೊಲದ ಬದುವಿನಲ್ಲಿ ಉದ್ದ ಕಾಲಿನ ಮರಿಯೊಂದು ತಡವರಿಸುತ್ತ ಓಡಿದಂತೆ ಕಾಣುತ್ತಿತ್ತು. ನಾವು ಮೂವರೂ ಅದನ್ನು ಒಟ್ಟಿಗೆ ಕಾಣುತ್ತಿದ್ದೆವೆಂದೇ ನನ್ನ ನಂಬಿಕೆ.

ಅಷ್ಟರಲ್ಲಿ ಕಾಕೂ ಇನ್ನೊಂದು ಬಾಂಬು ಹಾಕಿದಳು. “ಮಾಣಿಕವ್ವಗ ಕುಬಸ ಮಾಡಬೇಕು.”

ನಮ್ಮ ಕಡೆ ಬಸುರಿ ಹೆಣ್ಣಿಗೆ ಹಸಿರು ಬಳೆ ತೊಡಿಸಿ, ಹೊಸ ಕುಬಸ, ಅಂದರೆ ರವಿಕೆ, ಉಡುಗೊರೆ ಕೊಟ್ಟು, ಆರತಿ ಮಾಡುತ್ತಾರೆ. ಆದರೆ ಕುದುರೆಗೆ ಕುಬಸ! ಅಳತೆ ತೆಗೆಯುವ ದರ್ಜಿಯನ್ನು ಎಲ್ಲಿಂದ ತರುವುದು? ತೋಳು ಎರಡೋ ನಾಲ್ಕೋ? ಕಾಕೂ ಯಾವುದಕ್ಕೂ ಜಗ್ಗಲಿಲ್ಲ. ಬಳೆಗಳನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿದಳು. ತನ್ನ ಟ್ರಂಕಿನ ತಳದಿಂದ ಗುಳೇದಗುಡ್ಡದ ಹಸಿರು ರವಿಕೆ ಖಣಗಳನ್ನು ತೆಗೆದು, ಒಂದಕ್ಕೊಂದು ಸೇರಿಸಿ ಹೊಲಿದು, ಬೆನ್ನ ಮೇಲೆ ಹೊದಿಸಿದಳು. ಬಡೋದೆಯ ನಾಲ್ಕಾರು ಕನ್ನಡದ ಮನೆಯವರು ಬಂದರು. “ಎಲ್ಲೆ ತಂದ್ರಿ ಇಷ್ಟು ಛಲೋ ಖಣ?” ಎಂದು ಯಾರೋ ಕೇಳಿದರು. “ನಮ್ಮವ್ವ ಲಗ್ನದಾಗ ಕೊಟ್ಟಿದ್ಲು. ನನಗ ಬೇಕಾಗತಾವ ಅಂತ” ಎಂದ ಕಾಕೂ ಹೋಳಿಗೆ ಬಡಿಸಲು ಎದ್ದುಹೋದಳು.

ಮಾಣೆಕ್ ಹೋಳಿಗೆಯನ್ನು ಎಣಿಸದೆ ತಿಂದಳು. ಹೆಂಗಸರು ಸೋಬಾನೆ ಶುರುಮಾಡಿದ್ದೇ ತಡ, ಮದುವೆ ಬಂತೆಂದು ತಿಳಿದು ಕುಣಿಯತೊಡಗಿದಳು! ಆರತಿಯ ತಟ್ಟೆ ಒಂದು ಕಡೆ, ಹೆಂಗಸರು ಒಂದು ಕಡೆ. “ಕೂಸಿಗೆ ಪೆಟ್ಟು ಆಗತದ, ಹಾಡು ನಿಲ್ಲಸ್ರೀ!” ಎಂದು ಕಾಕಾ ಅಂಗಳದ ತುಂಬ ಓಡಾಡಿದ.

ಆ ಕುಣಿತದಿಂದ ಹೆದರಿದ ಕಾಕಾ ಮರುದಿನ ಪಶುವೈದ್ಯರನ್ನು ಕರೆತಂದ. ರಜೆ ಹಾಕಿ ನಾನೂ ಉಳಿದಿದ್ದೆ. ವೈದ್ಯರು ಒತ್ತಿ ನೋಡಿದರು, ಹಲ್ಲು ನೋಡಿದರು, ಕೊನೆಗೆ ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡು ಒಳಗೂ ಪರೀಕ್ಷಿಸಿದರು. ಕೈ ತೊಳೆದುಕೊಳ್ಳುತ್ತ ಕೇಳಿದರು, “ಸಾಹೇಬ್, ಇದಕ್ಕೆ ಏನು ತಿನ್ನಿಸುತ್ತಿದ್ದೀರಿ?”

ಬಸಿರು ಇರಲಿಲ್ಲ. ಉಪ್ಪಿನಕಾಯಿ ಇತ್ತು, ಹೋಳಿಗೆ ಇತ್ತು, ವಾಯು ಇತ್ತು. ಮರಿ ಹಾಕುವ ವಯಸ್ಸು ಎಂದೋ ದಾಟಿತ್ತು.

ವೈದ್ಯರು ಹೋದ ಮೇಲೆ ಹೊಲದ ಬದುವಿನ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಕಾಕಾ ಹುಚ್ಚನೇ ಇರಬಹುದು, ಮಾತಿಗೆ ತಪ್ಪುವವನಲ್ಲ. ಮರುದಿನದವರೆಗೂ ಕಾಯಲಿಲ್ಲ. ಎದ್ದು ಹೋಗಿ ಗೂಟದಿಂದ ಹಗ್ಗ ಬಿಚ್ಚಿದ, ಚಪ್ಪಲಿ ಮೆಟ್ಟಿಕೊಂಡ.

“ಎಲ್ಲಿಗೆ?” ಕಾಕೂ ಹೊಸ್ತಿಲಲ್ಲಿ ನಿಂತಿದ್ದಳು.

“ಪ್ಯಾಟಿಗೆ. ಅವನಿಗೆ ವಾಪಸ್ ಕೊಟ್ಟು ಬರತೇನಿ. ನೀನ ಹೇಳಿದ್ದಿಯಲ್ಲ?”

“ಬಸರಿ ಆಗಲಿಲ್ಲ ಅಂತ ಯಾರನ್ನರ ಮನೀ ಬಿಟ್ಟು ಕಳಸ್ತಾರೇನ್ರೀ?” ಎಂದಳು ಕಾಕೂ. “ನನ್ನ ಕಳಿಸಿದ್ರೇನು ನೀವು?”

ಬಾವಿಯ ನೀರಲ್ಲ, ಗಾಂಠಿಯಾ ಅಲ್ಲ, ಉದ್ದ ಸಂಜೆಯೂ ಅಲ್ಲ. ಬೇರೆ ಹೆಣ್ಣಿನ ಮಾತು ಅವಳ ಕಿವಿಗೆ ಬೀಳದಷ್ಟು ದೂರದ ಊರೊಂದು ಕಾಕಾನಿಗೆ ಬೇಕಾಗಿತ್ತು. ಅಷ್ಟು ವರ್ಷದ ಒಗಟು ಅಂಗಳದ ನಡುವೆ ಹಾಗೆ ಬಿಡಿಸಿಕೊಂಡು ಬಿತ್ತು. ನಮ್ಮ ಓಣಿಯವರ ಜೊತೆ ಸೇರಿ ನಾನೂ ನಕ್ಕಿದ್ದ ಮನುಷ್ಯ ಎಷ್ಟು ದೊಡ್ಡವನೆಂದು ತಿಳಿದು ನನ್ನ ಕಣ್ಣು ತುಂಬಿತು.

ಕಾಕಾ ನಮ್ಮ ಕಡೆ ಬೆನ್ನು ಮಾಡಿ ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟತೊಡಗಿದ. ಆ ಒಂದು ಗಂಟು ಹಾಕಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಮಾಣೆಕ್‌ಳ ಬೆನ್ನ ಮೇಲಿನ ಹಸಿರು ಖಣಕ್ಕೆ ಕೈಹಾಕಿದ.

“ಕುಬಸ ಇರಲಿ ಬಿಡ್ರಿ” ಎಂದಳು ಕಾಕೂ. “ಥಂಡಿ ಅದ.”